ಕಾದಂಬರಿಯ ಹೆಣ್ಣುಗಳಿಗೆ ಮುಖ ಕೊಟ್ಟ ಕಲ್ಪನಾ

1963ನೆಯ ಇಸವಿಯಲ್ಲಿ ಕನ್ನಡದ ಹೆಣ್ಣುಮಕ್ಕಳ ಪಾಲಿಗೆ ಎರಡು ಸಂಗತಿಗಳು ನಡೆದವು. ಒಂದು, ಕಾದಂಬರಿ ಓದುವ ಹವ್ಯಾಸವಿದ್ದ ಮನೆಗಳಲ್ಲೆಲ್ಲ ಸ್ವಂತದವರನ್ನು ಕಳೆದುಕೊಂಡಷ್ಟು ದುಃಖ ತಂದದ್ದು. ಇನ್ನೊಂದನ್ನು ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಆ ವರ್ಷದ ಜುಲೈ ತಿಂಗಳಲ್ಲಿ ಲೇಖಕಿ ತ್ರಿವೇಣಿ ಹೆಣ್ಣುಮಗುವಿನ ತಾಯಿಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ 34 ವರ್ಷ. ಅದೇ ವರ್ಷ ಬಿ. ಆರ್. ಪಂತುಲು ಅವರ ‘ಸಾಕು ಮಗಳು’ ಚಿತ್ರದಲ್ಲಿ ಇಪ್ಪತ್ತರ ಹರೆಯದ ಹೊಸ ಹುಡುಗಿಯೊಬ್ಬಳು ಕಾಣಿಸಿಕೊಂಡಳು. ಹುಟ್ಟೂರು ಮಂಗಳೂರು, ಮನೆಯಲ್ಲಿಟ್ಟ ಹೆಸರು ಶರತ್ ಲತಾ, ತೆರೆಯ ಮೇಲಿನ ಹೆಸರು ಕಲ್ಪನಾ.

ಇವರಿಬ್ಬರೂ ಕೂಡಿ ಕೆಲಸ ಮಾಡಲಿಲ್ಲ. ಕಲ್ಪನಾ ನಟಿಸಿದ ತನ್ನ ಯಾವ ನಾಯಕಿಯನ್ನೂ ತ್ರಿವೇಣಿ ಕಣ್ಣಾರೆ ಕಾಣಲಿಲ್ಲ. ಆದರೂ ‘ಶರಪಂಜರ’ದ ಕಾವೇರಿಯನ್ನು ನೆನೆಯಿರಿ ಎಂದರೆ ನಮ್ಮಲ್ಲಿ ಎಷ್ಟು ಜನರಿಗೆ ಪುಸ್ತಕದ ಸಾಲು ನೆನಪಾಗುತ್ತದೆ, ಎಷ್ಟು ಜನರಿಗೆ ಕಲ್ಪನಾ ಅವರ ಕಣ್ಣು ನೆನಪಾಗುತ್ತದೆ, ನೀವೇ ಹೇಳಿ. ಬರೆದವರು ಒಬ್ಬರು, ಮುಖ ಕೊಟ್ಟವರು ಇನ್ನೊಬ್ಬರು. ಒಬ್ಬರು ಮೂವತ್ತನಾಲ್ಕಕ್ಕೆ ಹೋದರು, ಇನ್ನೊಬ್ಬರು ಮೂವತ್ತೈದಕ್ಕೆ. ಇಬ್ಬರನ್ನೂ ಜೊತೆಗಿಟ್ಟು ನೋಡದೆ ಕಲ್ಪನಾ ಅವರ ಕಥೆ ಪೂರ್ತಿಯಾಗುವುದಿಲ್ಲ ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ.

ಅಂದಿನ ಓದಿನ ವಿಚಾರ ಸ್ವಲ್ಪ ಹೇಳಬೇಕು. ಅರವತ್ತರ ದಶಕದಲ್ಲಿ ಸಣ್ಣ ಊರುಗಳ ಹೆಂಗಸರು ಪುಸ್ತಕ ಕೊಂಡು ಓದುತ್ತಿದ್ದುದು ಅಪರೂಪ. ಬಸ್ ಸ್ಟ್ಯಾಂಡಿನ ಹತ್ತಿರವೋ ರಥಬೀದಿಯಲ್ಲೋ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇರುತ್ತಿತ್ತು. ದಿನಕ್ಕೆ ಇಷ್ಟು ಪೈಸೆ ಎಂದು ಬಾಡಿಗೆ. ರಟ್ಟು ಕಿತ್ತ, ಕಂದು ಕಾಗದ ಹಾಕಿದ ಕಾದಂಬರಿಯೊಂದು ಮನೆಗೆ ಬಂದರೆ ಅತ್ತೆಗೆ ಕಾಣದ ಹಾಗೆ ಅಕ್ಕಿ ಡಬ್ಬದ ಹಿಂದೆ ಸೇರುತ್ತಿತ್ತು. ಮಧ್ಯಾಹ್ನ ಮುಸುರೆ ತಿಕ್ಕಿ ಕೈ ಒರೆಸಿಕೊಂಡ ಮೇಲೆ ಸಿಕ್ಕುವ ಒಂದೂವರೆ ಗಂಟೆಯಲ್ಲಿ ಮೂರು ಮನೆಯ ಹೆಂಗಸರು ಒಂದೇ ಬಾಡಿಗೆಯಲ್ಲಿ ಅದನ್ನು ಓದಿ ಮುಗಿಸುತ್ತಿದ್ದರು. ತ್ರಿವೇಣಿ, ಎಂ. ಕೆ. ಇಂದಿರಾ, ವಾಣಿ, ಆರ್ಯಾಂಬ ಪಟ್ಟಾಭಿ. ಈ ಹೆಸರುಗಳು ಅವರಿಗೆ ಲೇಖಕಿಯರ ಹೆಸರಾಗಿರಲಿಲ್ಲ, ಪಕ್ಕದ ಮನೆಯವರ ಹೆಸರಾಗಿದ್ದವು. ‘ತ್ರಿವೇಣಿ ಹೀಗೆ ಹೇಳ್ತಾಳೆ’ ಎಂದು ಅಮ್ಮ ಏಕವಚನದಲ್ಲೇ ಮಾತಾಡುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ.

ತ್ರಿವೇಣಿ ಮನಶ್ಶಾಸ್ತ್ರ ಓದಿದ್ದವರು. ಮನೆಯೊಳಗಿನ ಹೆಣ್ಣಿಗೆ ಮೈಯಷ್ಟೇ ಅಲ್ಲ, ಮನಸ್ಸೂ ಇದೆ, ಅದಕ್ಕೂ ನೋವಾಗುತ್ತದೆ, ರೋಗ ಬರುತ್ತದೆ, ವಾಸಿಯಾಗುತ್ತದೆ ಎಂದು ಸರಳ ಕನ್ನಡದಲ್ಲಿ ಬರೆದರು. ಎಂ. ಕೆ. ಇಂದಿರಾ ಅವರದು ಬೇರೆ ದಾರಿ. ತೀರ್ಥಹಳ್ಳಿಯ ಕಡೆಯವರು, ಹೆಚ್ಚಿನ ಶಾಲೆ ಕಂಡವರಲ್ಲ. ಸಂಸಾರ ನಡೆಸಿ ನಲವತ್ತೈದು ದಾಟಿದ ಮೇಲೆ ಕಾದಂಬರಿ ಬರೆಯಲು ಕುಳಿತರು. ಹೀಗೆ ಬೇರೆ ಬೇರೆ ಅಡುಗೆಮನೆಗಳಿಂದ ಬಂದ ಕಥೆಗಳಿಗೆ ಓದುಗರು ಆಗಲೇ ಸಿದ್ಧರಿದ್ದರು. ಸಿನಿಮಾದವರಿಗೆ ಇದು ಗೊತ್ತಾಗಲು ಸ್ವಲ್ಪ ಕಾಲ ಹಿಡಿಯಿತು. ಪುರಾಣ, ಚರಿತ್ರೆ, ಭಕ್ತರ ಕಥೆಗಳಲ್ಲಿ ಕನ್ನಡ ಚಿತ್ರರಂಗ ಅಲ್ಲಿಯವರೆಗೆ ಹೆಚ್ಚು ತೊಡಗಿತ್ತು.

1967ರಲ್ಲಿ ‘ಬೆಳ್ಳಿಮೋಡ’ ಬಂತು. ಪಂತುಲು ಅವರ ಗರಡಿಯಲ್ಲೇ ಪಳಗಿದ ಪುಟ್ಟಣ್ಣ ಕಣಗಾಲ್ ಅವರು ಕನ್ನಡದಲ್ಲಿ ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರ. ತ್ರಿವೇಣಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕಥೆ ನಿಮಗೆ ಗೊತ್ತು. ತೋಟದ ಶ್ರೀಮಂತರ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗಲು ಒಪ್ಪಿದ ಮೋಹನ ಮಾವನಾಗುವವರ ಹಣದಲ್ಲೇ ಪರದೇಶಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರಾಳ ತಾಯಿ ಇಳಿವಯಸ್ಸಿನಲ್ಲಿ ಗಂಡುಮಗು ಹೆರುತ್ತಾಳೆ. ಆಸ್ತಿಗೆ ವಾರಸುದಾರ ಬಂದ ಎಂದು ತಿಳಿದ ಕೂಡಲೆ ಮೋಹನನ ಪ್ರೀತಿ ಇಳಿದುಹೋಗುತ್ತದೆ. ಮುಂದೆ ಅವನೇ ಅಪಘಾತಕ್ಕೆ ಸಿಕ್ಕು ಅದೇ ಮನೆಯಲ್ಲಿ ಮಲಗಿದಾಗ ಇಂದಿರಾ ಅವನ ಸೇವೆ ಮಾಡುತ್ತಾಳೆ. ಅವನಿಗೆ ಬುದ್ಧಿ ಬರುತ್ತದೆ. ಮದುವೆಯಾಗೋಣ ಎನ್ನುತ್ತಾನೆ. ಇಂದಿರಾ ಬೇಡ ಎನ್ನುತ್ತಾಳೆ.

ಆ ‘ಬೇಡ’ ಇದೆಯಲ್ಲ, ಅದಕ್ಕಾಗಿ ಹೆಂಗಸರು ಮತ್ತೆ ಮತ್ತೆ ಆ ಚಿತ್ರಕ್ಕೆ ಹೋದರು. ತಪ್ಪೊಪ್ಪಿಕೊಂಡ ಗಂಡಸನ್ನು ಕ್ಷಮಿಸಿ ಕಾಲಿಗೆ ಬೀಳುವ ನಾಯಕಿಯರನ್ನೇ ನೋಡಿದ್ದ ಕಣ್ಣಿಗೆ ಇದು ಹೊಸದು. ಕಲ್ಪನಾ ಅಲ್ಲಿ ಕೂಗಾಡುವುದಿಲ್ಲ, ಶಪಿಸುವುದೂ ಇಲ್ಲ. ಸೇವೆ ಮಾಡಿದ್ದು ಮನುಷ್ಯಧರ್ಮ, ಮದುವೆ ಬೇರೆ ಮಾತು ಎನ್ನುವ ತಿಳಿವು ಮುಖದಲ್ಲಿ ಕಾಣುತ್ತದೆ. ಕಥೆಯ ಹಿಂದಿನ ಇನ್ನೊಂದು ಸಂಗತಿಯನ್ನೂ ನಾವು ನೆನೆಯಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವಂತ ಗಳಿಕೆಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿತ್ತು. ಕಾಗದದ ಮೇಲೆ ಪಾಲು ಬಂದು ಹತ್ತು ವರ್ಷ ಕಳೆದರೂ ಗಂಡುಮಗು ಹುಟ್ಟಿದ ಗಳಿಗೆಯಲ್ಲೇ ಹೆಣ್ಣು ಬಡವಿಯಾಗುತ್ತಾಳೆ ಎಂಬುದನ್ನು ಚಿತ್ರ ನೋಡಿದ ಯಾರೂ ಸುಳ್ಳೆನ್ನಲಿಲ್ಲ. ಏಕೆಂದರೆ ಮನೆಗಳಲ್ಲಿ ನಡೆಯುತ್ತಿದ್ದುದು ಹಾಗೆಯೇ. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಎಂದು ಕರ್ನಾಟಕದಲ್ಲಿ ಕಾನೂನು ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ.

ಮರುವರ್ಷವೇ ತ್ರಿವೇಣಿಯವರ ಇನ್ನೊಂದು ಕಾದಂಬರಿ ‘ಹಣ್ಣೆಲೆ ಚಿಗುರಿದಾಗ’ ಎಂ. ಆರ್. ವಿಠಲ್ ಅವರ ನಿರ್ದೇಶನದಲ್ಲಿ ತೆರೆಗೆ ಬಂತು. ಇಲ್ಲಿ ಕಲ್ಪನಾ ಎಳೆಯ ವಯಸ್ಸಿನ ವಿಧವೆ. ಮನೆಯ ಹಿರಿಯರಾಗಿ ಆರ್. ನಾಗೇಂದ್ರರಾಯರು, ನಾಯಕನಾಗಿ ರಾಜ್‌ಕುಮಾರ್. ಮಡಿ ಸಂಪ್ರದಾಯದ ತಂದೆ ತನ್ನ ಒಂಟಿತನದ ಮೂಲಕ ಮಗಳ ಒಂಟಿತನವನ್ನು ಅರಿತುಕೊಳ್ಳುವ ಕಥೆ. ವಿಧವೆಗೆ ಮರುಮದುವೆ ಮಾಡಬಹುದೆಂಬ ಕಾನೂನು ಬ್ರಿಟಿಷರ ಕಾಲದಲ್ಲಿ, 1856ರಲ್ಲೇ ಆಗಿತ್ತು. ಅದಾಗಿ ನೂರಾ ಹನ್ನೆರಡು ವರ್ಷಗಳಾದರೂ ಥಿಯೇಟರಿನಲ್ಲಿ ಕುಳಿತ ಎಷ್ಟೋ ಹೆಂಗಸರು ಕುಂಕುಮವಿಲ್ಲದ ಹಣೆಯಲ್ಲೇ ಆ ಚಿತ್ರ ನೋಡಿದರು. ಆ ಹಣೆಗಳ ಮೇಲೆ ಪರದೆಯ ಬೆಳಕು ಬೀಳುತ್ತಿದ್ದುದನ್ನು ಯೋಚಿಸಿದರೆ ನನಗೆ ಈಗಲೂ ಮನಸ್ಸು ಭಾರವಾಗುತ್ತದೆ.

1969 ಕಲ್ಪನಾ ಅವರ ದೊಡ್ಡ ವರ್ಷ. ಮೂರು ಚಿತ್ರಗಳ ಹೆಸರು ಹೇಳುತ್ತೇನೆ. ಆರ್ಯಾಂಬ ಪಟ್ಟಾಭಿಯವರ ಕಾದಂಬರಿಯಿಂದ ಪುಟ್ಟಣ್ಣ ತೆಗೆದ ‘ಕಪ್ಪು ಬಿಳುಪು’, ಅದರಲ್ಲಿ ಕಲ್ಪನಾ ಅವರಿಗೆ ಎರಡು ಪಾತ್ರ. ಚದುರಂಗರ ಕಾದಂಬರಿಯಿಂದ ಎನ್. ಲಕ್ಷ್ಮೀನಾರಾಯಣ್ ತೆಗೆದ ‘ಉಯ್ಯಾಲೆ’. ಎಂ. ಕೆ. ಇಂದಿರಾ ಅವರ ‘ಗೆಜ್ಜೆ ಪೂಜೆ’. ‘ಉಯ್ಯಾಲೆ’ಯ ಹೆಂಡತಿಗೆ ಅನ್ನ ಬಟ್ಟೆಗೆ ಕೊರತೆಯಿಲ್ಲ. ಗಂಡ ಕೆಟ್ಟವನಲ್ಲ. ಆದರೆ ಅವನಿಗೆ ಪುಸ್ತಕಗಳ ನಡುವೆ ಹೆಂಡತಿ ಕಾಣಿಸುವುದಿಲ್ಲ. ಇಂಥ ಕೊರತೆಗೆ ನಮ್ಮ ಭಾಷೆಯಲ್ಲಿ ಹೆಸರೇ ಇರಲಿಲ್ಲ. ಯಾರ ಹತ್ತಿರವಾದರೂ ಹೇಳಿಕೊಂಡರೆ ‘ನಿನಗೇನಮ್ಮ ಕಡಿಮೆಯಾಗಿರೋದು?’ ಎನ್ನುವ ಉತ್ತರ ಸಿದ್ಧವಾಗಿರುತ್ತಿತ್ತು. ಹೆಸರಿಲ್ಲದ ಆ ಕೊರತೆಯನ್ನು ಕಲ್ಪನಾ ಸುಮ್ಮನೆ ಕಿಟಕಿಯ ಬಳಿ ನಿಂತು ತೋರಿಸಬಲ್ಲವರಾಗಿದ್ದರು.

‘ಗೆಜ್ಜೆ ಪೂಜೆ’ಯ ಚಂದ್ರಾ ವೇಶ್ಯೆಯರ ಮನೆಯಲ್ಲಿ ಹುಟ್ಟಿ ಬೆಳೆದ ಹುಡುಗಿ. ಓದಬೇಕು, ಮದುವೆಯಾಗಿ ಮರ್ಯಾದೆಯಿಂದ ಬಾಳಬೇಕು ಎನ್ನುವ ಆಸೆ. ಗೆಜ್ಜೆ ಪೂಜೆ ಎಂದರೆ ಅವಳನ್ನು ಅದೇ ವೃತ್ತಿಗೆ ಇಳಿಸುವ ಶಾಸ್ತ್ರ. ಸುತ್ತಲಿನವರ ಅನುಮಾನ, ಪ್ರೀತಿಸಿದವನ ತಪ್ಪು ತಿಳಿವಳಿಕೆ ಎಲ್ಲ ಸೇರಿ ಅವಳಿಗೆ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತವೆ. ಕೊನೆಗೆ ಅವಳು ಉಳಿಯುವುದಿಲ್ಲ. ಈ ಚಿತ್ರಕ್ಕೆ ಕನ್ನಡದ ಉತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು, ಪುಟ್ಟಣ್ಣ ಅವರ ಚಿತ್ರಕಥೆಗೂ ಬಂತು. ಮುಂದೆ ದೊಡ್ಡ ತಾರೆಯಾದ ಆರತಿ ಸಣ್ಣದೊಂದು ಪಾತ್ರದಲ್ಲಿ ಕಾಣಿಸಿಕೊಂಡದ್ದೂ ಇದರಲ್ಲೇ. ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ಸಿನಿಮಾ ನೋಡಿ ಕಾನೂನು ಬಂತೆಂದು ನಾನು ಹೇಳುವುದಿಲ್ಲ. ಆದರೆ ‘ಅವರ’ ಕಥೆಯೆಂದು ದೂರವಿಟ್ಟಿದ್ದನ್ನು ಸಂಸಾರಸ್ಥ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು ನೋಡಿದರಲ್ಲ, ಅದು ಸಣ್ಣ ವಿಷಯವಲ್ಲ.

ಇನ್ನು ‘ಶರಪಂಜರ’. 1971. ತ್ರಿವೇಣಿ, ಪುಟ್ಟಣ್ಣ, ಕಲ್ಪನಾ ಮೂವರ ಹೆಸರೂ ಇದೊಂದರ ಮೇಲೆ ನಿಂತಿದೆ ಎಂದರೂ ಸಲ್ಲುತ್ತದೆ. ಬಾಣಂತಿ ಸನ್ನಿಯ ಮಾತು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಹೆರಿಗೆಯಾದ ಹೊಸತರಲ್ಲಿ ಹುಡುಗಿ ನಿದ್ದೆಗೆಟ್ಟು ಏನೇನೋ ಮಾತಾಡಿದರೆ ‘ಗಾಳಿ ಸೋಕಿದೆ’ ಎಂದು ತಾಯಿತ ಕಟ್ಟಿಸುತ್ತಿದ್ದರು, ಮಂತ್ರ ಹಾಕಿಸುತ್ತಿದ್ದರು. ವೈದ್ಯರು ಹೇಳುವುದು ಹೀಗೆ: ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಈ ಕಾಯಿಲೆ ಬರುತ್ತದೆ. ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲೇ ಕಾಣಿಸಿಕೊಳ್ಳುತ್ತದೆ. ತಡಮಾಡದೆ ಚಿಕಿತ್ಸೆ ಕೊಡಿಸಿದರೆ ಬಹುಪಾಲು ಹೆಂಗಸರು ಚೆನ್ನಾಗಿಯೇ ವಾಸಿಯಾಗುತ್ತಾರೆ.

ಕಾವೇರಿಗೂ ವಾಸಿಯಾಗುತ್ತದೆ. ತ್ರಿವೇಣಿಯವರ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಕಥೆ ಆಸ್ಪತ್ರೆಯಲ್ಲಿ ಮುಗಿಯುವುದಿಲ್ಲ, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ. ವೈದ್ಯರು ಗುಣವಾಗಿದೆ ಎಂದರೂ ಮನೆ ಒಪ್ಪುವುದಿಲ್ಲ. ನಕ್ಕರೆ ಹುಚ್ಚು, ಅತ್ತರೆ ಹುಚ್ಚು, ಅಲಂಕಾರ ಮಾಡಿಕೊಂಡರೆ ಹುಚ್ಚು, ಗಂಡನನ್ನು ಪ್ರಶ್ನೆ ಕೇಳಿದರಂತೂ ಪೂರ್ತಿ ಹುಚ್ಚು. ನೆರೆಯವರು ದೂರ ಸರಿಯುತ್ತಾರೆ. ಗಂಡನ ಮನಸ್ಸು ಬೇರೊಬ್ಬಳ ಕಡೆ ಹೋಗಿರುತ್ತದೆ. ಮದುವೆಗೆ ಮುಂಚೆ ಅವಳಿಗಾದ ಒಂದು ನೋವಿನ ಪ್ರಸಂಗ ಅವಳನ್ನು ಜೀವಮಾನವೆಲ್ಲ ಚುಚ್ಚುತ್ತದೆ, ಗಂಡನ ತಪ್ಪಿಗೆ ಮಾತ್ರ ಮನೆಯಲ್ಲಿ ಹೆಸರೇ ಇಲ್ಲ. ಮಾತೆಂಬ ಬಾಣಗಳಿಂದಲೇ ಕಟ್ಟಿದ ಪಂಜರ ಅದು. ಅದರೊಳಗೆ ಅವಳು ಎರಡನೆಯ ಸಲ ಕುಸಿಯುತ್ತಾಳೆ, ಮತ್ತೆ ಆಸ್ಪತ್ರೆಗೆ ಹೋಗುತ್ತಾಳೆ.

ನಾವಿದ್ದ ವಠಾರದಲ್ಲಿ ಇಂಥ ಒಬ್ಬರಿದ್ದರು. ಹೆರಿಗೆಯಾದ ಮೇಲೆ ಬುದ್ಧಿ ಕೆಟ್ಟು ಬೆಂಗಳೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದು ಬಂದಿದ್ದರು. ನಲ್ಲಿಯ ಹತ್ತಿರ ಅವರು ಬಿಂದಿಗೆ ಇಟ್ಟರೆ ಉಳಿದವರ ಮಾತು ನಿಂತುಹೋಗುತ್ತಿತ್ತು. ಯಾರೂ ಅವರ ಕೈಗೆ ಮಗು ಕೊಡುತ್ತಿರಲಿಲ್ಲ. ನಮ್ಮೂರಿಗೆ ‘ಶರಪಂಜರ’ ಬಂದಾಗ ವಠಾರದ ಹೆಂಗಸರೆಲ್ಲ ಮ್ಯಾಟಿನಿಗೆ ಹೋದರು, ಅವರೊಬ್ಬರನ್ನು ಬಿಟ್ಟು. ಹಿಂತಿರುಗುವಾಗ ದಾರಿಯುದ್ದಕ್ಕೂ ಯಾರೂ ಹೆಚ್ಚು ಮಾತಾಡಲಿಲ್ಲವಂತೆ. ಆ ಬೇಸಗೆಯಲ್ಲಿ ಅಮ್ಮ ಹಪ್ಪಳ ಒತ್ತಲು ಅವರನ್ನೂ ಕರೆದರು. ‘ಬಾ ತಾಯಿ, ನಿನ್ನ ಕೈ ಹಗುರ, ಹಪ್ಪಳ ತೆಳ್ಳಗೆ ಬರುತ್ತೆ’ ಎಂದರು. ಅವರು ಬಂದು ಕುಳಿತರು, ಅಷ್ಟೇ. ಅದು ಸಿನಿಮಾದ ಗುಣವೋ ಅಮ್ಮನ ಗುಣವೋ ಬಿಡಿಸಿ ಹೇಳುವುದು ಕಷ್ಟ. ಆಮೇಲೂ ಮಗು ಕೊಡದವರು ವಠಾರದಲ್ಲಿ ಇದ್ದೇ ಇದ್ದರು.

ಆ ಚಿತ್ರ ತಿಂಗಳುಗಟ್ಟಲೆ ಓಡಿತು. ಹೆಂಗಸರು ಕಣ್ಣೀರು ಹಾಕಿದ್ದಷ್ಟೇ ಅಲ್ಲ, ಕಲ್ಪನಾ ಅವರ ಉದ್ದ ತೋಳಿನ ರವಿಕೆ, ಎತ್ತರದ ತುರುಬು, ಸೀರೆಗೆ ಹೊಂದುವ ದೊಡ್ಡ ಉಂಗುರ ಬಳೆ ಎಲ್ಲವನ್ನೂ ನೋಡಿಟ್ಟುಕೊಂಡು ಬಂದರು. ದರ್ಜಿಯ ಮುಂದೆ ‘ಕಲ್ಪನಾ ಥರ’ ಎಂದರೆ ಸಾಕಾಗಿತ್ತು, ಅವನು ತೋಳಿನ ಅಳತೆ ಬರೆದುಕೊಳ್ಳುತ್ತಿದ್ದ. ಹುಚ್ಚಿ ಎನಿಸಿಕೊಂಡ ಹೆಣ್ಣಿನ ರವಿಕೆಯನ್ನು ಹೊಲಿಸಿಕೊಂಡು ಮದುವೆಮನೆಗೆ ಹೋದರು ನಮ್ಮ ಹೆಂಗಸರು! ಇದನ್ನು ಬರೀ ಶೋಕಿ ಎಂದು ನಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಾವೇರಿಯ ಪಕ್ಷವನ್ನು ಬಾಯಿಬಿಟ್ಟು ವಹಿಸಲಾರದವರು ತೋಳಿನಲ್ಲಿ ವಹಿಸಿದರು ಎಂದುಕೊಳ್ಳುತ್ತೇನೆ.

‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’. ಈ ಮೂರಕ್ಕೂ ಕಲ್ಪನಾ ಅವರಿಗೆ ರಾಜ್ಯ ಸರ್ಕಾರದ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ಮೂರೂ ತ್ರಿವೇಣಿಯವರ ಹೆಣ್ಣುಗಳು ಎಂಬುದನ್ನು ಗಮನಿಸಿ. ಜನ ಅವರನ್ನು ‘ಮಿನುಗುತಾರೆ’ ಎಂದು ಕರೆದರು. ಆದರೆ ‘ಶರಪಂಜರ’ವೇ ಪುಟ್ಟಣ್ಣನವರ ಜೊತೆಯ ಕಡೆಯ ಚಿತ್ರವೂ ಆಯಿತು. ಇಬ್ಬರ ದಾರಿ ಬೇರೆಯಾಯಿತು. ಪುಟ್ಟಣ್ಣ ಮುಂದೆ ಆರತಿ, ಜಯಂತಿ ಮೊದಲಾದವರೊಂದಿಗೆ ‘ನಾಗರಹಾವು’, ‘ಎಡಕಲ್ಲು ಗುಡ್ಡದ ಮೇಲೆ’ಯಂಥ ಚಿತ್ರಗಳನ್ನು ಮಾಡಿದರು. ಕಲ್ಪನಾ ಕೂಡ ಸುಮ್ಮನೆ ಕೂರಲಿಲ್ಲ. 1973ರಲ್ಲಿ ‘ಗಂಧದ ಗುಡಿ’, 1974ರಲ್ಲಿ ವಾಣಿಯವರ ಕಾದಂಬರಿ ಆಧರಿಸಿದ ‘ಎರಡು ಕನಸು’, 1976ರಲ್ಲಿ ಭಾರತೀಸುತರ ‘ಬಯಲು ದಾರಿ’. ‘ಎರಡು ಕನಸು’ವಿನಲ್ಲಿ ಗಂಡನ ಮನಸ್ಸಿನ ತುಂಬ ಹಳೆಯ ಪ್ರೇಯಸಿಯೇ ಇರುವಾಗ ಅದೇ ಮನೆಯಲ್ಲಿ ದೀಪ ಹಚ್ಚುತ್ತ, ಅತ್ತೆ ಮಾವನ ಊಟ ನೋಡಿಕೊಳ್ಳುತ್ತ ಕಾಯುವ ಗೌರಿಯ ಪಾತ್ರ ಅವರದು. ಆ ಕಾಯುವಿಕೆಯನ್ನು ಅವರು ಗೋಳಾಟ ಮಾಡಲಿಲ್ಲ. ನೋಡುವವರಿಗೇ ಗಂಡನ ಮೇಲೆ ಸಿಟ್ಟು ಬರುವ ಹಾಗೆ ಸಹಜವಾಗಿ ಮಾಡಿದರು.

ಅವರ ನಟನೆಯ ಬಗ್ಗೆ ಆಕ್ಷೇಪಗಳೂ ಇದ್ದವು. ‘ಶರಪಂಜರ’ದ ನಂತರ ಕಣ್ಣರಳಿಸುವುದು, ದನಿ ಏರಿಸುವುದು ಹೆಚ್ಚಾಯಿತು, ಎಲ್ಲ ಪಾತ್ರದಲ್ಲೂ ಕಾವೇರಿಯೇ ಇಣುಕುತ್ತಾಳೆ ಎಂದವರಿದ್ದರು. ಅದರಲ್ಲಿ ಸ್ವಲ್ಪ ನಿಜವಿದೆ. ‘ಬೆಳ್ಳಿಮೋಡ’ದ ಹದವಾದ ಮೌನವನ್ನು ನೋಡಿದವರಿಗೆ ಮುಂದಿನ ಕೆಲವು ಚಿತ್ರಗಳು ಗದ್ದಲವೆನ್ನಿಸುತ್ತವೆ. ಆದರೆ ಒಮ್ಮೆ ಗೆದ್ದ ಪಾತ್ರವನ್ನೇ ಮತ್ತೆ ಮತ್ತೆ ಬರೆಸಿ ಕೈಗಿಡುವ ಚಿತ್ರರಂಗ, ಅದನ್ನೇ ಬಯಸಿ ಟಿಕೆಟ್ ಕೊಳ್ಳುವ ನಾವು, ಇಬ್ಬರೂ ಅದಕ್ಕೆ ಕಾರಣರಲ್ಲವೆ?

ಇನ್ನೊಂದು ಲೆಕ್ಕವೂ ಇದೆ. ಅದು ವಯಸ್ಸಿನ ಲೆಕ್ಕ. ರಾಜ್‌ಕುಮಾರ್ ಅವರು 1929ರಲ್ಲಿ ಹುಟ್ಟಿದವರು, ಕಲ್ಪನಾ 1943ರಲ್ಲಿ. ಎಪ್ಪತ್ತರ ದಶಕದ ಕೊನೆಗೆ ಬಂದರೆ ರಾಜ್‌ಕುಮಾರ್ ಐವತ್ತರ ಹತ್ತಿರವಿದ್ದೂ ನಾಯಕರಾಗಿಯೇ ಇದ್ದರು, 2000ದಲ್ಲಿ ಬಂದ ‘ಶಬ್ದವೇದಿ’ಯವರೆಗೂ ಇದ್ದರು. ಅದು ಅವರ ಪ್ರತಿಭೆಗೆ ಸಲ್ಲಬೇಕಾದದ್ದೇ. ಆದರೆ ಅವರಿಗಿಂತ ಹದಿನಾಲ್ಕು ವರ್ಷ ಚಿಕ್ಕವರಾದ ಕಲ್ಪನಾ ಮೂವತ್ತೆರಡು ಮೂವತ್ತಮೂರಕ್ಕೇ ‘ಹಳಬರು’ ಆಗಿದ್ದರು. ಆರತಿ, ಮಂಜುಳಾ, ಲಕ್ಷ್ಮಿ ಮುಂದೆ ಬಂದಿದ್ದರು. ನಟಿಗೆ ಆ ವಯಸ್ಸಿನಲ್ಲಿ ಎರಡೇ ದಾರಿ: ನಾಯಕನ ತಾಯಿಯಾಗುವುದು ಅಥವಾ ಮನೆಗೆ ಹೋಗುವುದು. ಗಂಡಸಿನ ತಲೆಗೂದಲು ಬಿಳಿಯಾದರೆ ಬಣ್ಣ ಹಚ್ಚುತ್ತಾರೆ, ಹೆಂಗಸಿನ ತಲೆಗೆ ಮಾತ್ರ ಬಿಳಿಯ ಪುಡಿ ಸುರಿಯುತ್ತಾರೆ.

ಕಲ್ಪನಾ ಮೂರನೆಯ ದಾರಿ ಹುಡುಕಿದರು. ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಯನ್ನು ಸೇರಿ ರಂಗದ ಮೇಲೆ ನಿಂತರು. ಕಂಪನಿ ನಾಟಕದ ಬದುಕು ಸುಲಭದ್ದಲ್ಲ. ಜಾತ್ರೆಯಿಂದ ಜಾತ್ರೆಗೆ, ಊರಿಂದ ಊರಿಗೆ ತಗಡಿನ ಥಿಯೇಟರ್ ಎತ್ತಿಕೊಂಡು ಹೋಗಬೇಕು. ರಾತ್ರಿಯಿಡೀ ಪ್ರಯೋಗ, ಹಗಲು ನಿದ್ದೆ. ಸಿನಿಮಾದಲ್ಲಿ ತಪ್ಪಿದರೆ ಇನ್ನೊಮ್ಮೆ ತೆಗೆಯಬಹುದು, ಇಲ್ಲಿ ಎದುರಿಗೆ ಕುಳಿತ ಜನ ಆ ಗಳಿಗೆಯಲ್ಲೇ ಶಿಳ್ಳೆ ಹೊಡೆಯುತ್ತಾರೆ ಇಲ್ಲವೆ ಎದ್ದು ಹೋಗುತ್ತಾರೆ. ಮೂರು ಬಾರಿ ರಾಜ್ಯದ ಶ್ರೇಷ್ಠ ನಟಿಯಾದವರು ಬಿಸಿಲೂರುಗಳ ತಗಡಿನ ಕೆಳಗೆ ಬಣ್ಣ ಹಚ್ಚಿದ್ದನ್ನು ‘ಪತನ’ ಎಂದು ಬರೆದವರಿದ್ದಾರೆ. ದುಡಿಯುವ ಹೆಂಗಸು ಒಂದು ಕಡೆ ಕೆಲಸ ಕಡಿಮೆಯಾದರೆ ಇನ್ನೊಂದು ಕಡೆ ಕೆಲಸ ಹುಡುಕುತ್ತಾಳೆ. ಅದರಲ್ಲಿ ಪತನವೇನು ಬಂತು?

1979ರ ಮೇ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹತ್ತಿರ ನಾಟಕದ ಮೊಕ್ಕಾಂ ಇತ್ತು. ಸಮೀಪದ ಗೋಟೂರಿನ ಪ್ರವಾಸಿ ಮಂದಿರದಲ್ಲಿ ಕಲ್ಪನಾ ಉಳಿದುಕೊಂಡಿದ್ದರು. ಅಲ್ಲಿಯೇ ತೀರಿಕೊಂಡರು. ಮೂವತ್ತಾರು ತುಂಬಲು ಇನ್ನೂ ಎರಡು ತಿಂಗಳಿತ್ತು. ರೇಡಿಯೋದಲ್ಲಿ, ಪತ್ರಿಕೆಗಳಲ್ಲಿ ಸುದ್ದಿ ಬಂದ ದಿನ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಿಸಲು ಮನಸ್ಸು ಬರಲಿಲ್ಲ. ಆ ಸಾವಿನ ಸುತ್ತ ಆಗ ಹುಟ್ಟಿದ ಮಾತುಗಳನ್ನು ಇಲ್ಲಿ ಮತ್ತೆ ಹೇಳಲು ನನಗೆ ಇಷ್ಟವಿಲ್ಲ. ಹೆಸರು ಮಾಡಿದ ಹೆಂಗಸು ಒಂಟಿಯಾಗಿ ಸತ್ತರೆ ಅವಳ ಪೆಟ್ಟಿಗೆ, ಪತ್ರ, ಸ್ನೇಹ, ಸಾಲ ಎಲ್ಲ ಬೀದಿಯ ಪಾಲಾಗುತ್ತವೆ. ಅದು ಅಂದೂ ನಡೆಯಿತು, ಅದಾದ ಮೇಲೆ ಎಷ್ಟೋ ವರ್ಷ ನಡೆಯಿತು.

ಆದರೆ ಒಂದು ಮಾತನ್ನು ಮಾತ್ರ ಬಿಡಲಾರೆ. ‘ಕಲ್ಪನಾ ಪಾತ್ರಗಳಲ್ಲೇ ಮುಳುಗಿಹೋದರು, ಕಾವೇರಿಯೇ ಆಗಿಬಿಟ್ಟರು, ಅದಕ್ಕೇ ಹೀಗಾಯಿತು’ ಎಂದು ಇಂದಿಗೂ ಹೇಳುವವರಿದ್ದಾರೆ. ಹೊಗಳಿಕೆಯೆಂದು ತಿಳಿದೇ ಹೇಳುತ್ತಾರೆ. ಇದು ಹೊಗಳಿಕೆಯಲ್ಲ. ಒಬ್ಬ ಗಂಡಸು ಕುಡುಕನ ಪಾತ್ರವನ್ನು ಚೆನ್ನಾಗಿ ಮಾಡಿದರೆ ಅವನ ಅಭಿನಯದ ಶಕ್ತಿ ಎನ್ನುತ್ತೇವೆ. ಹೆಂಗಸು ಹುಚ್ಚಿಯ ಪಾತ್ರವನ್ನು ಚೆನ್ನಾಗಿ ಮಾಡಿದರೆ ಅವಳೊಳಗೆ ಅದು ಇದ್ದಿರಬೇಕು ಎನ್ನುತ್ತೇವೆ. ಯಾವ ಸಾಲಿಗೆ ದನಿ ನಡುಗಬೇಕು, ಯಾವಾಗ ನಗು ಒಂದು ಗಳಿಗೆ ಹೆಚ್ಚು ನಿಲ್ಲಬೇಕು, ಎಲ್ಲಿ ಸೆರಗು ಜಾರಿದ್ದು ತಿಳಿಯದ ಹಾಗಿರಬೇಕು ಎಂದು ಅಳೆದು ತೂಗಿ ಮಾಡಿದ ಕೆಲಸ ಅದು. ಸುಡುವ ದೀಪಗಳ ಮುಂದೆ, ಹತ್ತಾರು ಜನ ನೋಡುತ್ತಿರುವಾಗ ಮಾಡಿದ ದುಡಿಮೆ. ಅದನ್ನು ಕಾಯಿಲೆಯ ಲಕ್ಷಣ ಎಂದುಬಿಟ್ಟರೆ ಅವರ ದುಡಿಮೆಯನ್ನೇ ಅವರಿಂದ ಕಸಿದುಕೊಂಡ ಹಾಗೆ.

‘ಶರಪಂಜರ’ದ ಮನೆಯಲ್ಲಿ ನಡೆದದ್ದೂ ಇದೇ ಅಲ್ಲವೆ? ಕಾವೇರಿ ಒಮ್ಮೆ ಆಸ್ಪತ್ರೆ ನೋಡಿ ಬಂದಳು ಎಂಬ ಒಂದೇ ಕಾರಣಕ್ಕೆ ಅವಳ ಪ್ರತಿಯೊಂದು ನಡೆಗೂ ಅದೇ ಅರ್ಥ ಹಚ್ಚಿದರು. ಕಲ್ಪನಾ ಒಂದು ದಿನ ಹೀಗೆ ಹೋದರು ಎಂಬ ಒಂದೇ ಕಾರಣಕ್ಕೆ ಅವರ ಹದಿನಾರು ವರ್ಷದ ಕೆಲಸಕ್ಕೂ ನಾವು ಅದೇ ಅರ್ಥ ಹಚ್ಚುತ್ತಿದ್ದೇವೆ. ಸಿನಿಮಾ ನೋಡಿ ಕಾವೇರಿಗಾಗಿ ಅತ್ತವರೇ, ಕಾವೇರಿಯಾಗಿ ನಟಿಸಿದವರಿಗೆ ಬಾಣಗಳ ಪಂಜರ ಕಟ್ಟಿದರು.

ಕಾಲ ಸ್ವಲ್ಪ ಬದಲಾಗಿದೆ. 2009ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಾಣಂತಿ ಸನ್ನಿಯಂಥ ಕಾಯಿಲೆಗಳಿಗೆ ತಾಯಿ ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ ಆರಂಭವಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಚಿಕಿತ್ಸೆಗಾಗಿ ಆಸ್ಪತ್ರೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದು ಎನ್ನುತ್ತದೆ. ಮನಶ್ಶಾಸ್ತ್ರ ಓದಿದ ತ್ರಿವೇಣಿ ಇದ್ದಿದ್ದರೆ ಸಂತೋಷಪಡುತ್ತಿದ್ದರು. ಆದರೆ ಕಾಯ್ದೆಗೆ ಮನೆಯ ಹೊಸ್ತಿಲು ದಾಟಿ ಒಳಗೆ ಬರಲು ಬಹಳ ಕಾಲ ಬೇಕು. ಆಸ್ಪತ್ರೆಯಿಂದ ಬಂದ ಸೊಸೆ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಮಾತ್ರೆ ನುಂಗಿದೆಯಾ ಎಂದು ಕೇಳುವ ಮನೆಗಳು ನನಗೆ ಗೊತ್ತು. ನಿಮಗೂ ಗೊತ್ತಿರಬಹುದು.

ಈಗ ಬಾಡಿಗೆಯ ಲೈಬ್ರರಿಗಳು ಬಹುತೇಕ ಮುಚ್ಚಿವೆ, ನಾವು ಸಿನಿಮಾ ನೋಡುತ್ತಿದ್ದ ಟೆಂಟುಗಳ ಜಾಗದಲ್ಲಿ ಕಲ್ಯಾಣ ಮಂಟಪಗಳು ಎದ್ದಿವೆ. ಆದರೆ ‘ಶರಪಂಜರ’ ಟೀವಿಯಲ್ಲಿ ಬಂದರೆ ಮಗಳು ಸೊಸೆಯರ ಜೊತೆ ಕೂತು ನೋಡುವ ಅಜ್ಜಿಯರು ಇದ್ದಾರೆ. ಹಾಗೆ ನೋಡುವಾಗ ಒಂದು ಕೆಲಸ ಮಾಡಿ. ಪಕ್ಕದಲ್ಲಿ ಕೂತ ಹುಡುಗಿ ‘ಪಾಪ, ಆಮೇಲೆ ಈಕೆಗೂ ಹೀಗೇ ಆಯ್ತಂತೆ ಅಲ್ವಾ?’ ಎಂದು ಕೇಳಿದರೆ, ಆ ಕಥೆ ಹೇಳುವ ಮೊದಲು ‘ನೋಡು, ಈ ಜಾಗದಲ್ಲಿ ಆಕೆ ಎಷ್ಟು ಚೆನ್ನಾಗಿ ಮಾಡಿದ್ದಾಳೆ’ ಎಂದು ತೋರಿಸಿ. ‘ಇದನ್ನು ಬರೆದಾಕೆ ತ್ರಿವೇಣಿ’ ಎಂದೂ ಸೇರಿಸಿ. ಅಷ್ಟು ಹೇಳಿದ ಮೇಲೆ ಉಳಿದದ್ದನ್ನು ಹುಡುಗಿ ತಾನೇ ಕೇಳಿ ತಿಳಿದುಕೊಳ್ಳುತ್ತಾಳೆ.